ಹೊರಡುವ ಮುಂಚಿನ ಏಳು ದಿನ: ಸೈಕಲ್ ಪ್ರವಾಸಕ್ಕೆ ಗಂಟು ಕಟ್ಟುವ ಲೆಕ್ಕ

ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಬೆಂಗಳೂರಿನಿಂದ ಕಾರವಾರಕ್ಕೆ ಸೈಕಲ್ಲಿನಲ್ಲಿ ಹೊರಡುತ್ತೇವೆ ಅಂತ ಈ ಸಲ ಜೂನಿಯರ್‌ಗಳ ಎರಡು ಮೂರು ತಂಡಗಳು ತಯಾರಾಗಿವೆ. ಸಿಕ್ಕಿದಾಗಲೆಲ್ಲ ಅವರು ಕೇಳೋದು ಒಂದೇ: "ಏನೇನು ತಗೊಂಡು ಹೋಗ್ಬೇಕು, ಒಂದು ಲಿಸ್ಟ್ ಕೊಡಿ." ಲಿಸ್ಟ್ ಕೊಡೋದು ದೊಡ್ಡ ಕೆಲಸ ಅಲ್ಲ. ಆದರೆ ಆ ಲಿಸ್ಟಿನಲ್ಲಿರೋದನ್ನೆಲ್ಲ ಹೇರಿದ ಮೇಲೆ ಸೈಕಲ್ ಹೇಗೆ ತಿರುಗುತ್ತೆ, ಹೇಗೆ ನಿಲ್ಲುತ್ತೆ ಅನ್ನೋದನ್ನು ಯಾವ ಲಿಸ್ಟೂ ಹೇಳೋದಿಲ್ಲ. ದಿನಾ ಹಾಸ್ಟೆಲ್‌ನಿಂದ ಕ್ಲಾಸಿಗೆ ಓಡಿಸೋ ಖಾಲಿ ಸೈಕಲ್ ಒಂದು ಯಂತ್ರ. ಅದೇ ಸೈಕಲ್ ಮೇಲೆ 15 ಕೆ.ಜಿ. ಹೊರೆ ಕೂತರೆ ಅದು ಇನ್ನೊಂದು ಯಂತ್ರ. ಆ ಎರಡನೇ ಯಂತ್ರದ ಪರಿಚಯ ನಿಮಗೆ ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಒಂದು ಟ್ಯಾಂಕರ್ ಇರುವಾಗ ಆಗಬಾರದು. ಅದು ಕ್ಯಾಂಪಸ್ಸಿನಲ್ಲೇ, ಹೊರಡೋಕೆ ಮುಂಚೆಯೇ ಆಗಬೇಕು. ಕೊನೆಯ ಏಳು ದಿನ ಇರೋದು ಅದಕ್ಕೆ.

ಮೊದಲು ದಾರಿ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ. ಇಲ್ಲಿಯವರೆಗೆ ಏರಿಳಿತ ಇದ್ದರೂ ಅಂಜಿಕೆಯ ದಾರಿ ಅಲ್ಲ. ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್, ಮಾರನಹಳ್ಳಿ, ಅಲ್ಲಿಂದ ಕಾಡಿನ ನಡುವೆ ಇಳಿದು ಗುಂಡ್ಯ. ಆಮೇಲೆ ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್, ಮಂಗಳೂರು. ಇದು ರಾಷ್ಟ್ರೀಯ ಹೆದ್ದಾರಿ 75, ಹೆಚ್ಚುಕಡಿಮೆ 350 ಕಿ.ಮೀ. ಮಂಗಳೂರಿನಿಂದ ಉತ್ತರಕ್ಕೆ ಹೆದ್ದಾರಿ 66: ಉಡುಪಿ, ಕುಂದಾಪುರ, ಮರವಂತೆ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಅದು ಇನ್ನೊಂದು 270 ಕಿ.ಮೀ. ಒಟ್ಟು 620 ಅಂತ ಇಟ್ಟುಕೊಳ್ಳಿ, ಎಂಟು ದಿನ. ಹಾಸನದಿಂದ ಸಕಲೇಶಪುರಕ್ಕೆ ಇರೋದು 40 ಕಿ.ಮೀ. ಅಷ್ಟೆ. ಆದರೂ ಅದನ್ನು ಒಂದು ಪೂರ್ತಿ ದಿನ ಅಂತಲೇ ಲೆಕ್ಕ ಹಾಕಿ. ಮಧ್ಯಾಹ್ನ ಸಕಲೇಶಪುರ ಮುಟ್ಟಿ, ಬ್ರೇಕ್ ನೋಡಿ, ನಿದ್ದೆ ಮಾಡಿ, ಮಾರನೇ ದಿನ ಬೆಳಗಿನ ಬೆಳಕಿನಲ್ಲಿ ಘಾಟಿ ಇಳಿಯೋಕೆ ಅನುಕೂಲ. ಸಂಜೆ ನಾಲ್ಕಕ್ಕೆ ಘಾಟಿಯ ತಲೆಗೆ ಬಂದು "ಇಳಿಯೋದು ತಾನೇ, ಒಂದು ಗಂಟೆ ಸಾಕು" ಅನ್ನೋ ತಂಡದ ಜೊತೆ ನಾವಂತೂ ಹೋಗೋದಿಲ್ಲ.

ಐದು ಕೆ.ಜಿ.ಗೆ ಒಂದು ಇಡ್ಲಿ

ಭಾರದ ಬಗ್ಗೆ ಎಲ್ಲರೂ ಹೆದರಿಸ್ತಾರೆ. ಹೆದರೋ ಮುಂಚೆ ಲೆಕ್ಕ ಹಾಕೋಣ, ಅದಕ್ಕೇ ಅಲ್ವಾ ಎಂಜಿನಿಯರಿಂಗ್ ಓದ್ತಿರೋದು. 5 ಕೆ.ಜಿ. ಹೆಚ್ಚುವರಿ ಸಾಮಾನನ್ನು 1000 ಮೀಟರ್ ಎತ್ತರಕ್ಕೆ ಏರಿಸಬೇಕು ಅಂದ್ರೆ 5 × 9.8 × 1000, ಅಂದರೆ 49 ಕಿಲೋಜೂಲ್ ಕೆಲಸ. ನಮ್ಮ ಮೈಯ ದಕ್ಷತೆ ಸುಮಾರು ನಾಲ್ಕನೇ ಒಂದು ಭಾಗ. ಹಾಗಾಗಿ ಊಟದಿಂದ ಬರಬೇಕಾದ್ದು 200 ಕಿಲೋಜೂಲ್ ಆಸುಪಾಸು, ಕ್ಯಾಲರಿ ಲೆಕ್ಕದಲ್ಲಿ 50 ಕಿಲೋ ಕ್ಯಾಲರಿಗೆ ಹತ್ತಿರ. ಒಂದು ಇಡ್ಲಿ! ಸಮತಟ್ಟು ರಸ್ತೆಯಲ್ಲಿ ಟೈರಿನ ಉರುಳು ಘರ್ಷಣೆಗೆ 0.008ರ ಗುಣಾಂಕ ಹಿಡಿದು 620 ಕಿ.ಮೀ.ಗೂ ಲೆಕ್ಕ ಹಾಕಿ ನೋಡಿ. ಆ 5 ಕೆ.ಜಿ.ಗೆ ಇಡೀ ಪ್ರವಾಸದಲ್ಲಿ ಖರ್ಚಾಗೋದು ಇನ್ನೊಂದು ಐದು ಇಡ್ಲಿ.

ಹಾಗಾದ್ರೆ ಬೇಕಾದ್ದೆಲ್ಲ ತುಂಬಿಕೊಳ್ಳಬಹುದಾ? ಇಲ್ಲ. ಭಾರದ ನಿಜವಾದ ಬೆಲೆ ಕ್ಯಾಲರಿಯಲ್ಲಿ ಇಲ್ಲ, ಬೇರೆ ಮೂರು ಕಡೆ ಇದೆ. ಒಂದು ಬ್ರೇಕಿನಲ್ಲಿ, ಇನ್ನೊಂದು ಹಿಂದಿನ ಚಕ್ರದ ಕಡ್ಡಿಗಳಲ್ಲಿ. ಅವೆರಡರ ಮಾತು ಮುಂದೆ ಬರುತ್ತೆ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ: ಬೆಳಗಿನ ಹೊತ್ತು. ಚೀಲದಲ್ಲಿ ನಲವತ್ತು ವಸ್ತು ಇದ್ದರೆ ನಲವತ್ತನ್ನೂ ಲಾಡ್ಜಿನ ಮಂಚದ ಮೇಲೆ ಹರಡಿ, ಹುಡುಕಿ, ಮತ್ತೆ ತುಂಬಬೇಕು. ಐದು ಜನರ ತಂಡದಲ್ಲಿ ಒಬ್ಬೊಬ್ಬರು ಹದಿನೈದು ನಿಮಿಷ ತಡ ಮಾಡಿದರೂ ಆರಕ್ಕೆ ಹೊರಡಬೇಕಾದವರು ಏಳೂಕಾಲಿಗೆ ಹೊರಡ್ತಾರೆ. ಜನವರಿಯಲ್ಲೂ ಕರಾವಳಿಯ ಮಧ್ಯಾಹ್ನ 32 ಡಿಗ್ರಿ ದಾಟುತ್ತೆ. ಬೆಳಗ್ಗೆ ಕಳೆದುಕೊಂಡ ಒಂದೂಕಾಲು ಗಂಟೆಯನ್ನು ಆ ಬಿಸಿಲಲ್ಲಿ ತೀರಿಸಬೇಕು. ಅದರ ಮೇಲೆ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಏಳುತ್ತೆ. ಉತ್ತರಕ್ಕೆ ಹೋಗುವವರಿಗೆ ಅದು ಎಡಗಡೆಯಿಂದ, ಎಷ್ಟೋ ಸಲ ಎದುರಿನಿಂದಲೇ ಬಡಿಯುತ್ತೆ. ಅದಕ್ಕೇ ನಾವು ಸಾಮಾನನ್ನು ಗ್ರಾಮಿನಲ್ಲಿ ತೂಗೋದಕ್ಕಿಂತ ಹೆಚ್ಚಾಗಿ ಎಣಿಸ್ತೀವಿ.

ಯಾವುದನ್ನು ಇಟ್ಟುಕೊಳ್ಳಬೇಕು ಅನ್ನೋದಕ್ಕೆ ನಮ್ಮ ಹತ್ತಿರ ಇರೋದು ಒಂದೇ ಪ್ರಶ್ನೆ: ಇದು ನೆಲ್ಯಾಡಿಯ ಅಂಗಡಿಯಲ್ಲಿ ಸಿಗುತ್ತಾ? ಸೋಪು, ಬಿಸ್ಕತ್ತು, ಹಗ್ಗ, ಬ್ಯಾಂಡೇಜು, ಬಾಳೆಹಣ್ಣು, ಚಾರ್ಜರ್ ಕೇಬಲ್ ಎಲ್ಲಾ ಊರಲ್ಲೂ ಸಿಗುತ್ತೆ. ಅವನ್ನು ಎಂಟು ದಿನಕ್ಕಾಗುವಷ್ಟು ಹೊರೋದು ಬೇಡ. 700ಸಿ ಅಳತೆಯ ಟ್ಯೂಬು, ನಿಮ್ಮ ಸೈಕಲ್ಲಿನ ಡಿರೇಲರ್ ಹ್ಯಾಂಗರು, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕು, ನಿಮ್ಮ ಚಕ್ರದ ಉದ್ದದ ಕಡ್ಡಿ, ನಿಮ್ಮ ಬ್ರೇಕಿನ ಪ್ಯಾಡು, ಇವು ಸಿಗೋದಿಲ್ಲ. ಊರ ಸೈಕಲ್ ಶಾಪಿನವರು ಕೆಲಸದಲ್ಲಿ ನಮಗಿಂತ ಎಷ್ಟೋ ಪಾಲು ಪಳಗಿದವರು. ಆದರೆ ಅವರ ಅಂಗಡಿಯಲ್ಲಿ ಇರೋದು ಆ ಊರಲ್ಲಿ ಓಡುವ ಸೈಕಲ್ಲಿನ ಸಾಮಾನು. ಡಿರೇಲರ್ ಹ್ಯಾಂಗರ್ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕ ತುಂಡು. ಸೈಕಲ್ ಬಲಕ್ಕೆ ಬಿದ್ದಾಗ ಫ್ರೇಮಿನ ಬದಲು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರ್ತಾರೆ. ಅದು ಮುರಿದರೆ ಗೇರ್ ಇಲ್ಲ, ಪ್ರವಾಸವೂ ಅಲ್ಲಿಗೇ ಮುಗೀತು. ಒಂದೊಂದು ಮಾಡೆಲ್ಲಿಗೂ ಒಂದೊಂದು ಆಕಾರ ಬೇರೆ. ಹಾಗಾಗಿ ಗೆಳೆಯನ ಹತ್ತಿರ ಇದೆ ಅಂತ ಸುಮ್ಮನಾಗೋ ಹಾಗೂ ಇಲ್ಲ.

ಟ್ಯೂಬಿನ ವಾಲ್ವ್ ಕೂಡ ಒಮ್ಮೆ ನೋಡಿಕೊಳ್ಳಿ. ಬೈಕು ಕಾರಿನ ಥರದ ದಪ್ಪ ವಾಲ್ವ್ ಶ್ರೇಡರ್. ಅದಕ್ಕೆ ಯಾವ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆದರೂ ಗಾಳಿ ಹಾಕುತ್ತೆ. ತೆಳ್ಳಗೆ ಉದ್ದಕ್ಕಿರೋದು ಪ್ರೆಸ್ಟಾ. ಅದಕ್ಕೆ ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಬೇಕು. ವಾಲ್ವಿಗೇ ತಿರುಗಿಸಿ ಇಟ್ಟುಬಿಟ್ಟರೆ ಕಳೆದುಹೋಗೋದಿಲ್ಲ.

ಸೈಕಲ್ಲಿನ ಕೆಲಸ ಮೊದಲು, ಚೀಲ ಆಮೇಲೆ

ಏಳನೇ ದಿನ, ಅಂದರೆ ಹೊರಡೋಕೆ ಒಂದು ವಾರ ಮುಂಚೆ, ಸೈಕಲ್ ತೊಳೆದು ತಲೆಕೆಳಗೆ ನಿಲ್ಲಿಸಿ. ಬದಲಿಸಬೇಕಾದ್ದನ್ನೆಲ್ಲ ಅವತ್ತೇ ಬದಲಿಸಿ, ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಹೊಸ ಕೇಬಲ್ ಹಾಕಿದ ಎರಡು ಮೂರು ದಿನದಲ್ಲಿ ಕೂತುಕೊಂಡು ಸಡಿಲ ಆಗುತ್ತೆ, ಮತ್ತೆ ಬಿಗಿ ಮಾಡಬೇಕು. ಡಿಸ್ಕ್ ಬ್ರೇಕಿನ ಹೊಸ ಪ್ಯಾಡಿಗೆ ಪೂರ್ತಿ ಹಿಡಿತ ಬರೋಕೆ ಹತ್ತಿಪ್ಪತ್ತು ಸಲ ಜೋರಾಗಿ ಬ್ರೇಕ್ ಹಿಡಿಯಬೇಕು. ಹೊಸ ಚೈನು ಹಳೇ ಸವೆದ ಕ್ಯಾಸೆಟ್ ಮೇಲೆ ಜಾರಬಹುದು, ಅದು ಗೊತ್ತಾಗೋದು ಏರಿನಲ್ಲಿ ತುಳಿದಾಗಲೇ. ಹೊಸ ಸೀಟಿನ ಕಥೆ ಅಂತೂ ಕೇಳಲೇಬೇಡಿ.

ಚೈನ್ ಸವೆದಿದೆಯಾ ಅಂತ ನೋಡೋಕೆ ಉಕ್ಕಿನ ಸ್ಕೇಲ್ ಸಾಕು. ಚೈನಿನ ಪಿಚ್ ಅರ್ಧ ಇಂಚು, ಹಾಗಾಗಿ 24 ಪಿಚ್ ಅಂದರೆ ಸರಿಯಾಗಿ 12 ಇಂಚು, 304.8 ಮಿ.ಮೀ. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದು 24 ಪಿಚ್ ಆಚೆಯ ಪಿನ್ ನೋಡಿ. ಅದು 12 ಇಂಚಿನ ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗದಷ್ಟು, ಅಂದರೆ ಸುಮಾರು ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಕ್ಯಾಸೆಟ್ಟಿಗೂ ಖರ್ಚು ಬಂತು ಅಂತ ತಿಳ್ಕೊಳ್ಳಿ.

ಈಗ ಕಡ್ಡಿಗಳು. ಹೊರೆ ಜಾಸ್ತಿಯಾದ ತಕ್ಷಣ ಕಡ್ಡಿ ಪಟ್ ಅಂತ ಮುರಿಯುತ್ತೆ ಅಂತ ತುಂಬಾ ಜನ ತಿಳಿದಿರ್ತಾರೆ. ಅದು ಮುರಿಯೋದು ಹಾಗಲ್ಲ, ಫಟೀಗ್‌ನಿಂದ. ಚಕ್ರ ಒಂದು ಸುತ್ತು ಸುತ್ತುವಾಗ ಪ್ರತಿ ಕಡ್ಡಿಯೂ ನೆಲದ ಹತ್ತಿರ ಬಂದಾಗ ಸ್ವಲ್ಪ ಸಡಿಲವಾಗಿ, ಮೇಲೆ ಹೋಗುತ್ತಾ ಮತ್ತೆ ಬಿಗಿಯಾಗುತ್ತೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 620 ಕಿ.ಮೀ.ಗೆ ಹತ್ತಿರ ಹತ್ತಿರ ಮೂರು ಲಕ್ಷ ಸುತ್ತು. ಅಂದರೆ ಒಂದೊಂದು ಕಡ್ಡಿಗೂ ಮೂರು ಲಕ್ಷ ಲೋಡ್ ಸೈಕಲ್! ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರಿನಲ್ಲಿ ಬರೆದದ್ದೆಲ್ಲ ಇಲ್ಲಿ ಕಾಲ ಕೆಳಗೇ ನಡೀತಿರುತ್ತೆ. ಹಿಂದಿನ ಚಕ್ರಕ್ಕೆ ತೊಂದರೆ ಇನ್ನೂ ಹೆಚ್ಚು. ಮೈಯ ಭಾರದ ಹೆಚ್ಚು ಪಾಲು, ಮೇಲೆ ಚೀಲದ ಭಾರ, ಎರಡೂ ಅಲ್ಲೇ. ಜೊತೆಗೆ ಬಲಗಡೆ ಕ್ಯಾಸೆಟ್‌ಗೆ ಜಾಗ ಬಿಡಬೇಕಾದ್ದರಿಂದ ಆ ಕಡೆಯ ಕಡ್ಡಿಗಳು ನೆಟ್ಟಗೆ ನಿಂತಿರ್ತವೆ, ರಿಮ್ಮನ್ನು ನಡುವೆ ಹಿಡಿಯೋಕೆ ಅವುಗಳಿಗೆ ಎಡಗಡೆಗಿಂತ ಹೆಚ್ಚು ಬಿಗಿ ಕೊಟ್ಟಿರ್ತಾರೆ. ಸಡಿಲವಾದ ಕಡ್ಡಿ ಇದ್ದರೆ ಅದರ ಪಾಲಿನ ಹೊರೆ ಪಕ್ಕದವುಗಳ ಮೇಲೆ ಬೀಳುತ್ತೆ.

ಕಡ್ಡಿಗಳನ್ನು ಎರಡೆರಡಾಗಿ ಹಿಡಿದು ಹಿಂಡಿ ನೋಡಿ, ಬೆರಳಲ್ಲಿ ಮೀಟಿ ಕೇಳಿ. ಒಂದೇ ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಒಂದು ಕಡ್ಡಿ ಮಾತ್ರ ಮಂಕಾಗಿ ಸದ್ದು ಮಾಡಿದರೆ ಚಕ್ರವನ್ನು ಒಳ್ಳೇ ಮೆಕ್ಯಾನಿಕ್ ಹತ್ತಿರ ಒಯ್ದು ಬೆಂಡ್ ತೆಗೆಸಿ, ಬಿಗಿ ಸರಿಮಾಡಿಸಿ. ಸಂಗೀತ ಕಲಿತವರು ತಂಡದಲ್ಲಿದ್ದರೆ ಈ ಕೆಲಸ ಅವರಿಗೇ ಬಿಡಿ. ಬಲಕ್ಕೆ ಎರಡು, ಎಡಕ್ಕೆ ಒಂದು ಬಿಡಿ ಕಡ್ಡಿಗಳನ್ನು ಫ್ರೇಮಿಗೆ ಟೇಪಿನಿಂದ ಸುತ್ತಿ ಇಟ್ಟುಕೊಳ್ಳಿ. ಎರಡೂ ಪಕ್ಕದ ಉದ್ದ ಒಂದೇ ಇರೋದಿಲ್ಲ, ಅಳತೆ ಮಾಡಿಸಿಯೇ ತಗೊಳ್ಳಿ. ಬಲಗಡೆಯದನ್ನು ಹಾಕಲು ಕ್ಯಾಸೆಟ್ ಬಿಚ್ಚಬೇಕಾಗುತ್ತೆ. ಅದಕ್ಕೆ ಬೇಕಾದ ಲಾಕ್‌ರಿಂಗ್ ಟೂಲ್ ತಂಡಕ್ಕೆ ಒಂದಿರಲಿ. ಅದನ್ನು ತಿರುಗಿಸೋಕೆ ದೊಡ್ಡ ಸ್ಪ್ಯಾನರ್ ಯಾವ ಗ್ಯಾರೇಜಿನಲ್ಲಾದರೂ ಸಿಗುತ್ತೆ.

ಕ್ಯಾರಿಯರಿನ ಬೋಲ್ಟುಗಳದ್ದು ಇನ್ನೊಂದು ಸಮಸ್ಯೆ. ಎಂ5 ಅಳತೆಯ ನಾಲ್ಕು ಬೋಲ್ಟಿನ ಮೇಲೆ ನಿಮ್ಮ ಸಂಸಾರ ಪೂರ್ತಿ ನಿಂತಿರುತ್ತೆ. ರಸ್ತೆಯ ಅದುರಿಗೆ ಅವು ತಾವಾಗೇ ಸಡಿಲ ಆಗ್ತವೆ. ಬಿಚ್ಚಿ, ಒರೆಸಿ, ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ ಬಿಗಿ ಮಾಡಿ. ಆಮೇಲೆ ಬೋಲ್ಟಿನ ತಲೆಯಿಂದ ಕ್ಯಾರಿಯರಿನ ಮೇಲಕ್ಕೆ ಸೇರಿಸಿ ನೇಲ್ ಪಾಲಿಶ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಬೋಲ್ಟ್ ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತೆ. ದಿನಾ ಬೆಳಗ್ಗೆ ಸ್ಪ್ಯಾನರ್ ತೆಗೆಯೋದು ಬೇಡ, ಒಂದು ಸಲ ಕಣ್ಣು ಹಾಯಿಸಿದರೆ ಸಾಕು.

ಘಾಟಿಯ ಪರೀಕ್ಷೆ

ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಜಾರು ಸುಮಾರು 800 ಮೀಟರ್ ಅಂತ ಹಿಡಿಯೋಣ. ಸವಾರ 65 ಕೆ.ಜಿ., ಸೈಕಲ್ 15, ಸಾಮಾನು 15, ಒಟ್ಟು 95. ಆ ಎತ್ತರದಿಂದ ಇಳಿಯುವಾಗ ಕಳೆಯಬೇಕಾದ ಶಕ್ತಿ ಸುಮಾರು 745 ಕಿಲೋಜೂಲ್. ಕೋಣೆಯ ಬಿಸಿಯಲ್ಲಿರುವ ಎರಡು ಲೀಟರಿಗಿಂತ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರೋಕೆ ಅಷ್ಟು ಸಾಕು. ಇದರಲ್ಲಿ ಒಂದು ಪಾಲನ್ನು ಗಾಳಿ, ಒಂದು ಪಾಲನ್ನು ಟೈರು ತಿನ್ನುತ್ತೆ. ಉಳಿದಿದ್ದೆಲ್ಲ ಬ್ರೇಕ್ ಪ್ಯಾಡು, ರಿಮ್ಮು ಅಥವಾ ಡಿಸ್ಕಿನಲ್ಲಿ ಬಿಸಿಯಾಗಿ ಹೋಗಬೇಕು. ಇಲ್ಲೊಂದು ಸೂಕ್ಷ್ಮ ಇದೆ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆಯಾಗಿ ಬ್ರೇಕಿನ ಪಾಲು ಹೆಚ್ಚುತ್ತೆ. ಹಾಗಂತ ಜೋರಾಗಿ ಇಳಿಯಿರಿ ಅಂತ ಅಲ್ಲ! ವೇಗ 25ರಿಂದ 40ಕ್ಕೆ ಹೋದರೆ ನಿಲ್ಲಿಸುವಾಗ ಕಳೆಯಬೇಕಾದ ಚಲನಶಕ್ತಿ ಎರಡೂವರೆ ಪಟ್ಟಾಗುತ್ತೆ. ಮುಂದಿನ ತಿರುವಿನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಬ್ರೇಕ್ ಒಂದೇ ಸಮ ಹಿಡಿದೇ ಇರಬೇಡಿ. ಹಿಡಿದು ವೇಗ ಇಳಿಸಿ, ಬಿಟ್ಟು ತಣ್ಣಗಾಗೋಕೆ ಬಿಡಿ, ಮತ್ತೆ ಹಿಡಿಯಿರಿ. ನಡುವೆ ಎರಡು ಮೂರು ಕಡೆ, ರಸ್ತೆ ಅಗಲ ಇರುವಲ್ಲಿ, ಪೂರ್ತಿ ನಿಲ್ಲಿಸಿ ಹತ್ತು ನಿಮಿಷ ಕೂತ್ಕೊಳ್ಳಿ. ರಿಮ್ ಬ್ರೇಕಿನವರಿಗೆ ಇದು ಇನ್ನೂ ಮುಖ್ಯ. ರಿಮ್ ಅತಿಯಾಗಿ ಕಾದರೆ ಒಳಗಿನ ಟ್ಯೂಬೇ ಒಡೆಯಬಹುದು.

ಇದಕ್ಕೆ ಕ್ಯಾಂಪಸ್ಸಿನಲ್ಲಿ ಮಾಡೋ ಪರೀಕ್ಷೆ ಸುಲಭ. ಪ್ರವಾಸದ ಪೂರ್ತಿ ಸಾಮಾನು ಹೇರಿದ ಸೈಕಲ್. ಸಮತಟ್ಟಾದ, ಒಣಗಿದ, ವಾಹನ ಇಲ್ಲದ ಟಾರು ರಸ್ತೆ. ಸೀಮೆಸುಣ್ಣದ ಒಂದು ಗೆರೆ. 20 ಕಿ.ಮೀ. ವೇಗದಲ್ಲಿ ಬಂದು ಗೆರೆ ಮುಟ್ಟಿದ ಕೂಡಲೇ ಎರಡೂ ಬ್ರೇಕ್ ಹಿಡಿಯಿರಿ. ಗುರುತ್ವದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಇಳಿವೇಗ ಸಿಕ್ಕರೆ 4 ಮೀಟರಿನಲ್ಲಿ ನಿಲ್ಲಬೇಕು. ಐದರವರೆಗೂ ಪರವಾಗಿಲ್ಲ ಅಂತೀವಿ. ಆರು ದಾಟಿದರೆ, ಅಥವಾ ಬ್ರೇಕಿನ ಹಿಡಿ ಹ್ಯಾಂಡಲಿಗೆ ತಾಗಿದರೆ, ಆ ಸೈಕಲ್ ಫೇಲ್. ಪ್ಯಾಡ್, ಕೇಬಲ್ ಸರಿಮಾಡಿ ಮತ್ತೆ ಪರೀಕ್ಷೆ. ಮೂರು ಸಲವೂ ಫೇಲ್ ಆದ ಸೈಕಲ್ ಶಿರಾಡಿ ಇಳಿಯಬಾರದು. ಅದರ ಸವಾರ ಎಷ್ಟೇ ಬೇಕಾದವನಾಗಿರಲಿ, ಎಷ್ಟೇ ಬೇಸರ ಮಾಡಿಕೊಳ್ಳಲಿ, ಸಕಲೇಶಪುರದಿಂದ ಗುಂಡ್ಯದವರೆಗೆ ಗೂಡ್ಸ್ ಆಟೋ ಅಥವಾ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಇಳಿಯಲಿ. ಅದಕ್ಕೆ ಬೇಕಾದ ದುಡ್ಡನ್ನು ತಂಡವೇ ಹಂಚಿಕೊಂಡರೆ ಮಾತು ಬೆಳೆಯೋದಿಲ್ಲ. ಈ ತೀರ್ಮಾನ ಘಾಟಿಯ ತಲೆಯಲ್ಲಿ ನಿಂತು ಮಾಡೋಕೆ ಆಗಲ್ಲ. ಅಲ್ಲಿ ಎಲ್ಲರೂ "ನಡೀ ಮಗಾ, ಏನಾಗಲ್ಲ" ಅಂತಾರೆ. ಅದಕ್ಕೇ ಗೆರೆ ಎಳೆಯೋದು ಇಲ್ಲಿ.

ಮಳೆಗಾಲದಲ್ಲಿ ಹೋಗೋ ಆಸೆ ಇದ್ದರೆ ಬಿಡಿ. ಗುಡ್ಡ ಕುಸಿದು ಈ ದಾರಿ ಎಷ್ಟೋ ಸಲ ಮುಚ್ಚಿದೆ. ಒದ್ದೆ ರಿಮ್ಮಿನ ಮೇಲೆ ಪ್ಯಾಡು ಹಿಡಿಯೋದೂ ತಡ.

ಕಟ್ಟೋದು, ಓಡಿಸೋದು, ತೆಗೆಯೋದು

ಹೊರಡೋಕೆ ಐದು ದಿನ ಇರುವಾಗ ಎಲ್ಲವನ್ನೂ ಕಟ್ಟಿಬಿಡಿ. ಹಲ್ಲುಜ್ಜೋ ಬ್ರಷ್ ಸಹಿತ. ಬೆನ್ನಿಗೆ ಚೀಲ ಬೇಡ. ಅದರ ಭಾರ ಮೇಲೆ ಕೂರುತ್ತೆ, ಅಂಗೈಗೂ ಕೂರುವ ಮೂಳೆಗೂ ನೋವು ಕೊಡುತ್ತೆ, ಬೆನ್ನೆಲ್ಲ ಬೆವರು. ಪ್ಯಾನಿಯರ್, ಅಂದರೆ ಕ್ಯಾರಿಯರಿನ ಎರಡು ಪಕ್ಕ ತೂಗುಹಾಕುವ ಚೀಲಗಳು, ಇದ್ದರೆ ಒಳ್ಳೆಯದು. ಕೊಳ್ಳೋಕಾಗದವರು ಒಂದೇ ಅಳತೆಯ ಎರಡು ಹಳೇ ಕಾಲೇಜು ಬ್ಯಾಗನ್ನು ಎರಡು ಪಕ್ಕ ಬಿಗಿದುಕೊಂಡೂ ಹೋಗಬಹುದು. ಆದರೆ ಅವುಗಳ ಪಟ್ಟಿಗಳನ್ನು ಕತ್ತರಿಸಿ ಇಲ್ಲವೇ ಹೊಲಿದುಬಿಡಿ. ನೇತಾಡುವ ಪಟ್ಟಿ ಚಕ್ರದ ಕಡ್ಡಿಗೆ ಸಿಕ್ಕರೆ ಸೈಕಲ್ ನಿಂತಲ್ಲೇ ನಿಲ್ಲುತ್ತೆ, ನೀವು ನಿಲ್ಲೋದಿಲ್ಲ. ಒಳಗೆ ಕಸದ ಬುಟ್ಟಿಗೆ ಹಾಕುವ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿದರೆ ಮಳೆ, ಇಬ್ಬನಿ ಎರಡಕ್ಕೂ ಸಾಕು.

ಭಾರವಾದದ್ದು ತಳದಲ್ಲಿ, ಚಕ್ರದ ನಡುವಿಗೆ ಹತ್ತಿರ. ಎಡ ಬಲ ಸಮ. ತೂಗೋಕೆ ಹಾಸ್ಟೆಲ್ ಮೆಸ್ಸಿನ ತಕ್ಕಡಿ ಇದ್ದೇ ಇದೆ, ಅಡುಗೆ ಭಟ್ಟರನ್ನು ಕೇಳಿ ಬಳಸಿ. ಪೂರ್ತಿ ಭಾರ ಹಿಂದೆಯೇ ಬಿದ್ದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗಾಡುತ್ತೆ. ಟೂಲ್ಸು, ಬೀಗ, ನೀರಿನಂಥ ಚಿಕ್ಕದಾದರೂ ಭಾರದ ವಸ್ತುಗಳನ್ನು ಫ್ರೇಮಿನ ನಡುವೆ ಅಥವಾ ಹ್ಯಾಂಡಲಿನ ಚೀಲಕ್ಕೆ ತನ್ನಿ. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗುತ್ತಾ ಅಂತಲೂ ನೋಡಿ. ಒಂದು ಸಲ ತಾಗಿದರೆ ಏನೂ ಅನ್ನಿಸಲ್ಲ, ದಿನಕ್ಕೆ ಇಪ್ಪತ್ತು ಸಾವಿರ ಸಲ ತಾಗುತ್ತೆ.

ನಮ್ಮ ದೇಶದಲ್ಲಿ ರಸ್ತೆಯ ಎಡಕ್ಕೆ ನಿಲ್ಲಿಸ್ತೀವಿ, ಅಲ್ವಾ? ಹಾಗಾಗಿ ದಾರಿಯಲ್ಲಿ ಬೇಕಾಗುವುದೆಲ್ಲ ಎಡಚೀಲದಲ್ಲಿ: ಟ್ಯೂಬು, ಪಂಪು, ಮಳೆಕೋಟು, ಔಷಧಿ, ತಿಂಡಿ. ರಾತ್ರಿ ಮಾತ್ರ ಬೇಕಾಗುವ ಬಟ್ಟೆಬರೆ ಬಲಚೀಲದಲ್ಲಿ. ಲಾರಿಗಳು ಓಡಾಡುವ ಕಡೆಗೆ ಬೆನ್ನು ಹಾಕಿ ಬಗ್ಗಿ ನಿಂತು ಪಂಪ್ ಹುಡುಕುವ ಪರಿಸ್ಥಿತಿ ಬರಬಾರದು.

ಬಟ್ಟೆ ಮೂರು ಜೊತೆ ಸಾಕು. ಮೈಮೇಲೊಂದು, ಒಗೆದು ಒಣಗ್ತಾ ಇರೋದೊಂದು, ರಾತ್ರಿಗೊಂದು. ಕರಾವಳಿಯ ತೇವದ ಗಾಳಿಯಲ್ಲಿ ಕಾಟನ್ ಟೀ ಶರ್ಟ್ ಬೆಳಗಾದರೂ ಒಣಗೋದಿಲ್ಲ, ಆಟಕ್ಕೆ ಹಾಕುವ ಜೆರ್ಸಿ ಒಣಗುತ್ತೆ. ಜೀನ್ಸ್ ಮನೇಲಿರಲಿ. ಟರ್ಕಿ ಟವೆಲ್ ಬದಲು ಕರಾವಳಿಯವರು ಬೈರಾಸು ಅನ್ನುವ ತೆಳು ಬಟ್ಟೆ ಒಯ್ಯಿರಿ. ಒಂದು ಲುಂಗಿ ಇದ್ದರೆ ಹೊದಿಕೆ, ಹಾಸು, ಬಟ್ಟೆ ಬದಲಿಸುವಾಗ ಮರೆ ಎಲ್ಲವೂ ಅದೇ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಹಾಕಬಾರದು. ಅದರ ಹೊಲಿಗೆಯೇ ಉಜ್ಜಿ ಗಾಯ ಮಾಡೋದು. ಚಡ್ಡಿ ದಿನಾ ಒಗೀಬೇಕು, ಉಜ್ಜುವ ಕಡೆ ವ್ಯಾಸಲೀನ್ ಹಚ್ಚಬೇಕು. ನಾಚಿಕೆ ಪಟ್ಟವರು ಮೂರನೇ ದಿನ ನಿಂತುಕೊಂಡು ತುಳೀತಾರೆ. ಹುಡುಗಿಯರು ತಮ್ಮ ತಿಂಗಳ ದಿನ ಹತ್ತಿರ ಇಲ್ಲದಿದ್ದರೂ ಪ್ಯಾಡುಗಳನ್ನು ಎಡಚೀಲದಲ್ಲೇ ಇಟ್ಟುಕೊಳ್ಳಲಿ.

ನೀರು ಎಷ್ಟು? 750 ಮಿ.ಲೀ. ಎರಡು ಬಾಟಲಿ ಯಾವಾಗಲೂ, ಘಾಟಿಯ ದಿನ ಇನ್ನೊಂದು ಲೀಟರ್. ಒಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಕುಡಿಯುವ ನೀರಿಗೆ ಟೀ ಚಮಚದಲ್ಲಿ ಸಮ ಮಾಡಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಪವರ್ ಬ್ಯಾಂಕ್ ಮೇಲೆ 10000 ಎಂಎಎಚ್ ಅಂತ ಬರೆದಿದ್ದರೆ ಒಳಗಿರೋದು 3.7 ವೋಲ್ಟ್ ಲೆಕ್ಕದಲ್ಲಿ 37 ವ್ಯಾಟ್ ಅವರ್. ನಷ್ಟ ಕಳೆದು ಮೂರರಲ್ಲಿ ಎರಡು ಪಾಲು ಫೋನಿಗೆ ಸೇರಿದರೆ 25. ಇವತ್ತಿನ 5000 ಎಂಎಎಚ್ ಫೋನಿಗೆ ಬೇಕಾದ್ದು 19. ಅಂದರೆ ಒಂದೂಕಾಲು ಸಲ ಚಾರ್ಜು, ಎರಡು ಸಲ ಅಲ್ಲ. ಘಾಟಿಯಲ್ಲಿ ಸಿಗ್ನಲ್ ನಂಬೋ ಹಾಗಿಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟಿರಿ. ಹೆಸರು, ರಕ್ತದ ಗುಂಪು, ಮನೆಯ ನಂಬರ್ ಬರೆದ ಒಂದು ಚೀಟಿ ಲ್ಯಾಮಿನೇಟ್ ಮಾಡಿಸಿ ಹ್ಯಾಂಡಲ್ ಚೀಲದಲ್ಲಿ ಇಡಿ. ಲಾಡ್ಜಿಗೆ ಆಧಾರ್, ಚಿಲ್ಲರೆಗೆ ನೋಟು. ತುರ್ತಿಗೆ 112. ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ, ಹೊಳೆಯುವ ಜಾಕೆಟ್ ಇವುಗಳ ಬಗ್ಗೆ ಚರ್ಚೆಯೇ ಇಲ್ಲ.

ಹೀಗೆ ಕಟ್ಟಿದ ಸೈಕಲ್ಲನ್ನು ಮಾರನೇ ದಿನ 50 ಕಿ.ಮೀ. ಓಡಿಸಿ. ಆಗೋದಾದರೆ ವಾರದ ದಿನ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ. ತಪ್ಪಲಿನಿಂದ ಮೇಲಕ್ಕೆ ಇರೋದು 7-8 ಕಿ.ಮೀ. ಆದರೂ ಏರು ಶಿರಾಡಿಗಿಂತ ಕಡಿದು. ಏರುವಾಗ ಕಡೆಯ ಗೇರು ಬೀಳುತ್ತಾ, ಇಳಿಯುವಾಗ ಬ್ರೇಕ್ ಕಿರುಚುತ್ತಾ, ಗುಂಡಿಗೆ ಬಿದ್ದಾಗ ಚೀಲದ ಕೊಕ್ಕೆ ಹಾರುತ್ತಾ, ಎಲ್ಲ ಅಲ್ಲೇ ಗೊತ್ತಾಗುತ್ತೆ. ಅಗಲ ಚೀಲಕ್ಕೆ ಅಡ್ಡಗಾಳಿ ಹೇಗೆ ತಾಗುತ್ತೆ ಅಂತಲೂ ಗಮನ ಇರಲಿ. ಹೊನ್ನಾವರದಲ್ಲಿ ಶರಾವತಿ ದಾಟುವ ಸೇತುವೆ ಮೇಲೆ ಆ ಚೀಲಗಳು ಹಾಯಿಯ ಥರ ಕೆಲಸ ಮಾಡ್ತವೆ.

ವಾಪಸ್ ಬಂದ ಸಂಜೆ ಚೀಲ ಬಿಚ್ಚಿ ಎಲ್ಲವನ್ನೂ ನೆಲದ ಮೇಲೆ ಹರಡಿ, ಜೊತೆಗಾರನನ್ನು ಎದುರಿಗೆ ಕೂರಿಸಿಕೊಳ್ಳಿ. ಒಂದೊಂದು ವಸ್ತುವನ್ನೂ ಅವನು ಎತ್ತಿ ಹಿಡಿದು "ಇದು ಯಾಕೆ?" ಅಂತ ಕೇಳಬೇಕು. "ಬೇಕಾಗಬಹುದು" ಅನ್ನೋ ಉತ್ತರಕ್ಕೆ ಸೊನ್ನೆ ಮಾರ್ಕು. ನಮ್ಮ ಅನುಭವದಲ್ಲಿ ಮೂರರಲ್ಲಿ ಒಂದು ಪಾಲು ಇಲ್ಲೇ ಉದುರುತ್ತೆ. ಎರಡನೇ ಶೂ, ದಪ್ಪ ಪುಸ್ತಕ, ಪೂರ್ತಿ ಬಾಟಲಿ ಶಾಂಪೂ, ಡ್ರೋನು. ಮನೆಯಿಂದ ಅಮ್ಮ ಕಟ್ಟಿ ಕಳಿಸಿದ ಕೋಡುಬಳೆ ಡಬ್ಬಿಗೆ ಮಾತ್ರ ಈ ಪ್ರಶ್ನೆ ಕೇಳಬೇಡಿ. ಅದು ಕುಣಿಗಲ್ ದಾಟೋದ್ರೊಳಗೆ ತಾನಾಗೇ ಹಗುರ ಆಗುತ್ತೆ. ಅಮ್ಮನಿಗೆ ದಿನಾ ಯಾವ ಹೊತ್ತಿಗೆ ಫೋನ್ ಮಾಡ್ತೀರಿ ಅಂತ ಹೇಳಿ, ಆ ಹೊತ್ತಿಗೇ ಮಾಡಿ. ಸಂಜೆ ಏಳು ಅಂದರೆ ಏಳು. ಒಂದು ದಿನ ಒಂಬತ್ತಾದರೆ ಮನೇಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಇದಾದ ಮೇಲೆ ಹೊಸದೇನೂ ಒಳಗೆ ಹೋಗಬಾರದು.

ಕೈಗೆ ಪಾಠ

ಹೊರಡೋಕೆ ಎರಡು ದಿನ ಮುಂಚೆ ಎಲ್ಲರೂ ಸೇರಿ, ಒಬ್ಬೊಬ್ಬರಾಗಿ, ಹೇರಿದ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸಿ ಮತ್ತೆ ಕೂರಿಸಬೇಕು. ಇಪ್ಪತ್ತು ನಿಮಿಷ ಗಡುವು. ಯೂಟ್ಯೂಬಿನಲ್ಲಿ ನೋಡಿದ್ದು ಸಾಲದು, ಕೈಗೆ ಗ್ರೀಸ್ ಹತ್ತಬೇಕು. ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಗೆ ಬಟ್ಟೆ ಹಿಡಿದು ಸುತ್ತಲೂ ಸವರಿ. ಹೆದ್ದಾರಿಯ ಪಂಕ್ಚರಿಗೆ ಕಾರಣ ಎಷ್ಟೋ ಸಲ ಸಿಡಿದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಬೆರಳಿಗೆ ಸಿಗದೆ ಇದ್ದದ್ದು ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಪಂಕ್ಚರ್.

ತಂಡದ ಟೂಲ್ಸ್ ಯಾರ ಹತ್ತಿರ ಇರಬೇಕು ಅನ್ನೋದೂ ಅವತ್ತೇ ಇತ್ಯರ್ಥ ಆಗಲಿ. ಪಂಪ್ ಒಂದೇ ಇದ್ದರೆ ಅದು ಯಾವಾಗಲೂ ಎರಡು ಕಿಲೋಮೀಟರ್ ಮುಂದೆ ಹೋದವನ ಹತ್ತಿರವೇ ಇರುತ್ತೆ. ಹಾಗಾಗಿ ಪಂಪು, ಚೈನ್ ಟೂಲು, ಔಷಧಿ ಡಬ್ಬಿ ಮೂರೂ ಕೊನೆಯಲ್ಲಿ ಬರುವ ಸವಾರನ ಹತ್ತಿರ ಇರಲಿ. ಅವನನ್ನು ಯಾರೂ ಹಿಂದೆ ಬಿಡೋ ಹಾಗಿಲ್ಲ. ಟ್ಯೂಬು, ಲಿವರು, ಅಲೆನ್ ಕೀ ಮಾತ್ರ ಒಬ್ಬೊಬ್ಬರಿಗೂ ಅವರವರದ್ದೇ.

ವಾಪಸ್ ಬರೋ ದಾರಿಯೂ ತಯಾರಿಯ ಭಾಗವೇ. ಕಾರವಾರದಿಂದ ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸೈಕಲ್ಲನ್ನು ಬೋಗಿಯ ಒಳಗೆ ತಗೊಂಡು ಹೋಗೋಕೆ ಬಿಡೋದಿಲ್ಲ, ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಿ ಬ್ರೇಕ್ ವ್ಯಾನಿಗೆ ಹಾಕಿಸಬೇಕು. ಹೊರಡೋಕೆ ಮುಂಚೆಯೇ ಟಿಕೆಟ್ ಮಾಡಿಸಿ. ಕಾರವಾರ ಮುಟ್ಟಿದ ದಿನವೇ ಸ್ಟೇಷನ್ನಿಗೆ ಹೋಗಿ ಸಮಯ ವಿಚಾರಿಸಿ. ಫ್ರೇಮಿಗೆ ಹೆಸರು, ಊರು ಬರೆದ ರಟ್ಟು ಕಟ್ಟಿ. ಆ ರಟ್ಟು, ದಾರ, ಮಾರ್ಕರ್ ಪೆನ್ನು ಇಲ್ಲಿಂದ ಒಯ್ಯೋದು ಬೇಡ, ಕಾರವಾರದ ಯಾವ ಅಂಗಡಿಯಲ್ಲೂ ಸಿಗುತ್ತೆ.

ಕೊನೆಯ ಸಂಜೆ ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯ ಒಳಗೆ ಗಾಳಿ ಹಾಕಿ, ಹಿಂದಿನದಕ್ಕೆ ಮುಂದಿನದಕ್ಕಿಂತ 10 ಪಿಎಸ್ಐ ಹೆಚ್ಚು. ಬಾಟಲಿ ತುಂಬಿಡಿ, ಚೀಲ ಬಾಗಿಲ ಹತ್ತಿರ ಇಡಿ, ಒಂಬತ್ತಕ್ಕೆ ಮಲಗಿ. ಬೆಳಗ್ಗೆ ನೆಲಮಂಗಲ ದಾಟಿ ಸೋಲೂರಿನ ಹತ್ತಿರ ಮೊದಲ ಟೀಗೆ ನಿಂತಾಗ, ಲೋಟ ಕೈಯಲ್ಲಿ ಇರುವಾಗಲೇ ಒಮ್ಮೆ ಬಗ್ಗಿ ಕ್ಯಾರಿಯರಿನ ಬೋಲ್ಟುಗಳ ಗೆರೆ ನೋಡಿ. ನೆಟ್ಟಗಿದ್ದರೆ ಇನ್ನೊಂದು ಟೀ ಹೇಳಿ. ಮುರಿದಿದ್ದರೆ ಅಲೆನ್ ಕೀ ಎಡಚೀಲದಲ್ಲಿದೆ.